ಬುದ್ಧಿಯೋರ ಬಚ್ಚಲಲ್ಲಿ ಕಲ್ಲಿಲ್ಲ

“ಥೂ, ನಿನ್ ಮಗಳ ಕೈಗೆ ಲಕ್ವ ಹೊಡಿಯ! ಕಾಜಾ ಹಾಕೋ ಕೈಗೆ ಪೆನ್ನು ಕೊಟ್ಟೋನ್ ಯಾವೋನ್ಲಾ ಮಾರ, ಬೇವರ್ಸಿ ನನ್ಮಗನೆ?”

ಗಂಗಾಧರಸ್ವಾಮಿಯ ಬಾಯಿಂದ ಬೈಗುಳದ ಬೆನ್ನಿಗೇ ಎಲಡಿಕೆ ರಸ ಹೊರಟಿತು. ಅದು ಜಗಲಿ ದಾಟಿ, ಮೆಟ್ಟಿಲು ದಾಟಿ, ಕಟ್ಟಿಹಾಕಿದ್ದ ಎಮ್ಮೆಯ ನೆತ್ತಿಯ ಮೇಲಿಂದ ಹಾದು ಕೋಮಲಳ ಚೂಡಿದಾರದ ಅಂಚಿಗೆ ಬಂದು ಬಿತ್ತು. ಅಷ್ಟು ದೂರ ಉಗುಳಬಲ್ಲ ಗಂಡಸು ಇಡೀ ತಿ. ನರಸೀಪುರ ತಾಲ್ಲೂಕಿನಲ್ಲಿ ಇನ್ನೊಬ್ಬನಿರಲಿಲ್ಲ. ಅದೊಂದೇ ಅವನ ಸ್ವಂತ ಸಂಪಾದನೆ. ಮಿಕ್ಕ ಗದ್ದೆ, ತೋಟ, ಮನೆಯೆಲ್ಲ ಅಪ್ಪ ಮಾಡಿಟ್ಟದ್ದು.

ಉಗುಳಿನ ಹಿಂದೆಯೇ ಪುಸ್ತಕ ಹಾರಿ ಬಂದು ಸಗಣಿ ನೀರಿನಲ್ಲಿ ಬಿತ್ತು. ಅದರ ರಟ್ಟಿನ ಮೇಲೆ ಕೋಮಲ ಎಂಬ ಹೆಸರು ಆನೆ ಗಾತ್ರದಲ್ಲಿತ್ತು, ಪುಸ್ತಕದ ಹೆಸರು ಇರುವೆ ಗಾತ್ರದಲ್ಲಿತ್ತು. ಹಾಗೆಯೇ ಅಚ್ಚು ಹಾಕಬೇಕೆಂದು ಪ್ರೆಸ್ಸಿನವನಿಗೆ ತಾಕೀತು ಮಾಡಿದ್ದವಳು ಅವಳೇ.

ಅವಳಪ್ಪ ಮಾರಯ್ಯ ಟವೆಲ್ಲನ್ನು ಕಂಕುಳಿಗೆ ಸೇರಿಸಿ, ಬಿಲ್ಲಿನಂತೆ ಬಾಗಿ ನಿಂತಿದ್ದ. ಪಂಚಾಯಿತಿಯಿಂದ ಊರಿಗೆ ನೀರು ಬಿಡುವವನು ಅವನೇ, ತಮಟೆ ಬಡಿದು ಊರಿಗೆ ಸುದ್ದಿ ಸಾರುವವನೂ ಅವನೇ. ತಮಟೆ ಅವನ ಮುತ್ತಾತನಿಂದ ಬಂದದ್ದು, ನೀರು ಗಂಗಾಧರಸ್ವಾಮಿಯ ದಯೆಯಿಂದ ಬಂದದ್ದು.

“ಏನ್ ತಪ್ಪಾಗೋಯ್ತು ಬುದ್ಧಿ?”

“ಏನ್ ತಪ್ಪಾ? ಅರ್ಪಿತಾ, ಓದಮ್ಮ ಆ ಬಚ್ಚಲ ಕತೇನ. ಈ ಬೋಳಿಮಗನ ಕಿವಿಗೂ ಬೀಳ್ಲಿ.”

“ಪುಸ್ತಕ ಸಗಣೀಲೈತಲ್ಲಪ್ಪ,” ಎಂದಳು ಗಂಗಾಧರಸ್ವಾಮಿಯ ಮಗಳು ಅರ್ಪಿತ. ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಅದನ್ನು ಕೋಮಲಳ ಕೈಯಿಂದಲೇ ಕೊಂಡು ಮನೆಗೆ ತಂದಿದ್ದವಳು ಅವಳು.

“ಬಾಯಲ್ಲೇ ಹೇಳು!”

ಅರ್ಪಿತ ಕಂಬಕ್ಕೆ ಒರಗಿ ಹೇಳತೊಡಗಿದಳು. ಒಬ್ಬ ಧಣಿ. ಕೇರಿಯವರ ಸ್ಮಶಾನದ ಗಡಿಗೆ ಸರ್ವೆಯವರು ನೆಟ್ಟಿದ್ದ ಬಾಂದು ಕಲ್ಲನ್ನು ಕಿತ್ತು, ಸ್ಮಶಾನವನ್ನು ತನ್ನ ತೋಟಕ್ಕೆ ಸೇರಿಸಿಕೊಂಡ. ಕಲ್ಲು ಯಾರ ಕಣ್ಣಿಗೂ ಬೀಳಬಾರದೆಂದು ಅದನ್ನು ತಂದು ಬಚ್ಚಲಲ್ಲಿ ಬೋರಲು ಹಾಕಿದ. ಹೆಂಡತಿ ಅದರ ಮೇಲೆ ಬಟ್ಟೆ ಒಗೆದಳು. ಧಣಿ ದಿನಾ ಅದರ ಮೇಲೇ ಕೂತು ಶಿವಶಿವಾ ಎಂದು ಮೈಗೆ ನೀರು ಹೊಯ್ದುಕೊಂಡ. ಒಂದು ಪದ ಬಿಡಲಿಲ್ಲ ಹುಡುಗಿ. ಉಗುಳು ಮೆತ್ತಿದ ಬಟ್ಟೆಯಲ್ಲಿ ನಿಂತಿದ್ದರೂ ಕೋಮಲಳ ಎದೆ ಗೋಪುರದಷ್ಟು ಉಬ್ಬಿತು. ತನ್ನ ಕತೆ ಮೇಲ್ಬೀದಿಯವರಿಗೆ ಬಾಯಿಪಾಠವಾಗಿದೆಯಲ್ಲ!

“ಸಾಕು!” ಗಂಗಾಧರಸ್ವಾಮಿ ಜಗಲಿಯಿಂದ ಧುಮುಕಿದ. “ಯಾವಾಗ್ಲೇ ಇಣುಕ್ದೆ ನನ್ ಬಚ್ಚಲ್‌ಮನೇಗೆ? ಕಲ್ಲ ಬೋರಲು ಹಾಕೈತೆ ಅಂತ ಯಾವಳೇ ಹೇಳಿದ್ದು ನಿಂಗೆ?”

ಎಮ್ಮೆ ಮೆಲುಕು ನಿಲ್ಲಿಸಿತು. ಒಳಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಮಂಗಳಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಕೋಮಲ ಆ ಬಚ್ಚಲನ್ನು ಹುಟ್ಟಿದಾರಭ್ಯ ನೋಡಿರಲಿಲ್ಲ. ಕೇರಿಯ ಹೆಂಗಸರು ಅಂಗಳ ಗುಡಿಸಬಹುದು, ಕೊಟ್ಟಿಗೆ ಬಾಚಬಹುದು, ಅದರಿಂದಾಚೆಗೆ ಕಾಲಿಡುವಂತಿರಲಿಲ್ಲ. ಕಲ್ಲನ್ನು ಬಚ್ಚಲಿಗೆ ತಂದು ಹಾಕಿದವಳು ಅವಳು, ಕಾಗದದ ಮೇಲೆ.

“ಬುದ್ಧಿ, ಕತೇಲಿರೋ ಧಣಿಗೆ ಎಸ್ರೇ ಇಲ್ವಲ್ಲ,” ಎಂದಳು ಮೆಲ್ಲಗೆ. “ಅದು ನಾನ್ ಕಟ್ಟಿದ್ದು. ನಿಮ್ ಬಚ್ಲಲ್ಲಿ ಐತಾ?”

ತಾನು ಏನಂದೆ ಎಂಬುದು ಗಂಗಾಧರಸ್ವಾಮಿಗೆ ಆಗ ಹೊಳೆಯಿತು. ಅವನ ಮುಖದಲ್ಲಿ ವಿಭೂತಿ ಯಾವುದು, ಚರ್ಮ ಯಾವುದು ಗೊತ್ತಾಗದಂತಾಯಿತು. ಆದರೂ ಹಿಂದೆ ಸರಿಯುವ ಜಾಯಮಾನವೇ ಅದು?

“ಲೇ ಮಾರ, ನಾಳೆ ಬೆಳಿಗ್ಗೆ ತಮಟೆ ಹೊಡಿ. ನನ್ ಬಚ್ಚಲಲ್ಲಿ ಸ್ಮಶಾನದ ಬಾಂದು ಕಲ್ಲು ಇಲ್ಲ, ಇರ್ಲೂ ಇಲ್ಲ, ನಿನ್ ಮಗಳು ಬರ್ದಿರೋದೆಲ್ಲ ಸುಳ್ಳು ಅಂತ ಬೀದಿಬೀದೀಲಿ ಸಾರು. ಇವ್ಳೂ ನಿನ್ ಜೊತೇಲಿ ಬಂದು, ನನ್ ಬಾಗಿಲಲ್ಲಿ ಅಡ್ಡಬಿದ್ದು, ಇನ್ಮೇಲೆ ಪೆನ್ನು ಮುಟ್ಟಲ್ಲ ಅನ್ಬೇಕು. ಇಲ್ದಿದ್ರೆ ನಾಳಿದ್ದಿಂದ ನೀರ್ ಬಿಡೋನು ಬೇರೆ ಬತ್ತಾನೆ. ನಿನ್ ಕೇರಿ ನಲ್ಲೀಲಿ ಗಾಳಿ ಬತ್ತದೆ.”

ಕೋಮಲ ಯಾರೆಂದುಕೊಂಡಿರಿ? ಮೂಗೂರಿನಿಂದ ಕವಲಂದೆಯವರೆಗೆ ಅವಳಂಥ ಕತೆಗಾರ್ತಿ ಹುಟ್ಟಿರಲಿಲ್ಲ. ಇದನ್ನು ಅವಳೇ ಎಲ್ಲರಿಗೂ ಹೇಳುತ್ತಿದ್ದಳು. ನಂಜನಗೂಡಿನ ಗಾರ್ಮೆಂಟ್ಸಿನಲ್ಲಿ ಅಂಗಿಗಳಿಗೆ ಕಾಜಾ ಹಾಕುತ್ತ, ಒಂದೊಂದು ಕಾಜಾಕ್ಕೂ ಒಂದೊಂದು ಸಾಲು ಕಟ್ಟುತ್ತಿದ್ದಳು. ಫ್ಯಾಕ್ಟರಿ ಬಸ್ಸಿನಲ್ಲಿ ನಿಂತುಕೊಂಡೇ ಅದನ್ನು ಮೊಬೈಲಿಗೆ ಒತ್ತುತ್ತಿದ್ದಳು. ಅವಳು ಒತ್ತುವ ವೇಗಕ್ಕೆ ಮೊಬೈಲು ಕಾದು, ಅದರ ಮೇಲೆ ರೊಟ್ಟಿ ಸುಡಬಹುದಿತ್ತು ಎಂದು ಪಕ್ಕದ ಸೀಟಿನ ಸುನೀತಾ ಆಣೆ ಮಾಡುತ್ತಿದ್ದಳು.

ಕತೆಗಳ ಕಟ್ಟನ್ನು ಹಿಡಿದು ಮೊದಲು ಹೋದದ್ದು ನಂಜನಗೂಡಿನ ಸಾಹಿತ್ಯ ಬಳಗದ ಅಧ್ಯಕ್ಷ ಮಹಾದೇವಸ್ವಾಮಿಯ ಮನೆಗೆ. ಆತ ನಿವೃತ್ತ ಮೇಷ್ಟ್ರು. ಮನೆಯ ಗೋಡೆ ಕಾಣದಷ್ಟು ಸನ್ಮಾನದ ಫೋಟೊಗಳು. ಅವಳನ್ನು ಚಪ್ಪಲಿ ಬಿಡುವ ಕಡೆ ಸ್ಟೂಲಿನ ಮೇಲೆ ಕೂರಿಸಿ, ಹಾಳೆ ತಿರುವಿ, ಕನ್ನಡಕದ ಮೇಲಿಂದ ನೋಡಿದ.

“ಚೆನ್ನಾಗಿದೆ ಕಣಮ್ಮ. ಆದ್ರೆ ಹೀಗೆ ಕಟ್ಟಿ ಬರೀಬೇಡ. ನೀವುಗಳು ಪಟ್ಟ ಕಷ್ಟ ಬರೀರಿ, ಹಸಿವು ಬರೀರಿ. ಓದೋರಿಗೆ ಕಣ್ಣಲ್ಲಿ ನೀರು ಬರತ್ತೆ. ಕಲ್ಪನೆಯೆಲ್ಲ ನಿಮಗ್ಯಾಕೆ?”

“ಯಾಕ್ ಸಾ, ಅದ್ಕೂ ಜಾತಿ ಸರ್ಟಿಫಿಕೇಟ್ ಬೇಕಾ?”

ಕಟ್ಟು ಅವಳ ತೊಡೆಗೆ ವಾಪಸು ಬಿತ್ತು. ಅವಳು ಕೂತೆದ್ದ ಸ್ಟೂಲಿಗೆ ಆ ಮನೆಯವರು ಬಕೆಟ್ಟು ನೀರು ಹೊಯ್ದದ್ದನ್ನು ಗೇಟಿನಿಂದ ತಿರುಗಿ ನೋಡಿದಳು. ಅಲ್ಲಿಂದ ಸೀದಾ ಹೋಗಿ ಮದುವೆ ಕಾರ್ಡು ಮುದ್ರಿಸುವ ಜಗನ್ನನ ಪ್ರೆಸ್ಸಿನ ಬಾಗಿಲು ಬಡಿದಳು. ಅವ್ವನ ಓಲೆ ಅಡವಿಟ್ಟು ತಾನೇ ಪುಸ್ತಕ ಮಾಡಿಸಿದಳು. ಬಸ್ಸುಗಳಲ್ಲಿ ಕಡಲೆಕಾಯಿ ಮಾರುವವರ ಪಕ್ಕ ನಿಂತು, “ಬನ್ರಕ್ಕ, ಬನ್ರಣ್ಣ, ಬಿಸಿಬಿಸಿ ಕತೆ, ಅಪ್ಪಟ ಸುಳ್ಳು, ಒಂದು ಪದಾನೂ ನಡ್ದಿದ್ದಲ್ಲ!” ಎಂದು ಕೂಗಿ ಮಾರಿದಳು. ಮೊದಲ ಅಚ್ಚು ಮುಗಿದು ಎರಡನೆಯದು ಬಂದಿತ್ತು. ಕಂಡಕ್ಟರುಗಳು ಅವಳ ಪುಸ್ತಕ ಓದುತ್ತ ಸೀಟಿ ಊದುವುದನ್ನು ಮರೆತು, ಬಸ್ಸುಗಳು ಸೋಸಲೆಯಲ್ಲಿ ನಿಲ್ಲದೆ ಹೋದವು ಎಂದೂ ಅವಳು ಹೇಳಿಕೊಳ್ಳುತ್ತಿದ್ದಳು. ನಂಬಿದರೆ ನಂಬಿ.

ಅಂಥವಳು ಅಂದು ಮನೆಗೆ ಬಂದು ಕುಕ್ಕರುಗಾಲಿನಲ್ಲಿ ಕೂತು ಹಲ್ಲು ಕಡಿದಳು.

“ಅಪ್ಪ, ಕಲ್ಲು ದಿಟ್ವಾಗ್ಲೂ ಅಲ್ಲೈತೆ ಕಣಪ್ಪ. ಮುಂಡೇಮಗ ನಾನ್ ಕಟ್ಟಿದ್ ಕತೇನೂ ನಂದಲ್ಲ ಅನ್ನಂಗ್ ಮಾಡ್ಬುಟ್ನಲ್ಲ! ನೆಲಾನೂ ಅವ್ನೇ ನುಂಗ್ದ, ಕತೇನೂ ಅವ್ನೇ ನುಂಗ್ದ.”

ಮಾರಯ್ಯ ತಮಟೆಯನ್ನು ಒಲೆಯ ಉರಿಗೆ ಹಿಡಿದು ಕಾಯಿಸುತ್ತಿದ್ದ. ಚರ್ಮ ಬಿಗಿದಂತೆಲ್ಲ ಅವನ ದವಡೆಯೂ ಬಿಗಿಯಿತು.

“ನಿಂಗ್ ನಿನ್ ಕತೆ ಚಿಂತೆ,” ಎಂದ. “ನಿಮ್ಮವ್ವುನ್ ಮಣ್ಣು ಮಾಡಕ್ಕೆ ಜಾಗ ಇಲ್ದೆ ನಾಲೆ ಏರೀಲಿ ಗುಂಡಿ ತೋಡ್ದೊ. ಮೊಳ ತೋಡಕ್ಕಿಲ್ಲ, ನೀರ್ ಬಂತು. ಗೋವಿಂದಿ ತೇಲಿದ್ಲು ಕಣವ್ವ. ಮ್ಯಾಲೆ ಕಲ್ಲು ಮಡಗಿ, ನಾನೇ ಎದೆ ಮ್ಯಾಲ್ ಕಾಲಿಟ್ಟು ತುಳ್ದೆ. ನಲವತ್ ವರ್ಸ ಸಂಸಾರ ಮಾಡಿದ್ ಎಂಡ್ರ ಎದೆ ಮ್ಯಾಲೆ.”

ಕೋಮಲಳಿಗೆ ಅದು ಗೊತ್ತಿತ್ತು. ಏರಿಯ ಮೇಲೆ ಅವಳೂ ನಿಂತಿದ್ದಳು. ಅದಾದ ಮೇಲೆ ಕೇರಿಯವರೆಲ್ಲ ಅರ್ಜಿ ಕೊಟ್ಟು, ಸರ್ವೆಯವನು ಬಂದಿದ್ದ. ಗಂಗಾಧರಸ್ವಾಮಿಯ ತೋಟದಲ್ಲಿ ಎಳನೀರು ಕುಡಿದು, ‘ಬಾಂದು ಕಲ್ಲೇ ಇಲ್ಲ, ಎಲ್ಲಿಂದ ಅಳೀಲಿ?’ ಎಂದು ಬಾಯಿ ಒರೆಸಿಕೊಂಡು ಹೋಗಿದ್ದ. ಆ ಸಿಟ್ಟಿನಲ್ಲೇ ಅವಳು ಕಲ್ಲಿಗೊಂದು ಜಾಗ ಹುಡುಕಿ ಕತೆ ಕಟ್ಟಿದ್ದು. ಆದರೆ ತುಳಿದ ಕಾಲು ಅಪ್ಪನದು ಎಂಬುದನ್ನು ಈವರೆಗೆ ಅಪ್ಪ ಬಾಯಿಬಿಟ್ಟು ಅಂದಿರಲಿಲ್ಲ.

“ಸಾರ್ತೀಯಾ ಅಪ್ಪ?”

“ಸಾರ್ತೀನಿ. ತಮಟೆ ಇಡ್ದೋನು ಏಳಿದ್ನ ಏಳ್ಬೇಕು, ಒಂದಕ್ಷರ ಇಂದ್ಮುಂದ್ ಮಾಡಂಗಿಲ್ಲ. ನಮ್ ತಾತುನ್ ಕಾಲ್ದಿಂದ ಅಂಗೇ.” ತಮಟೆಯನ್ನು ಒಮ್ಮೆ ಬೆರಳಿನಿಂದ ತಟ್ಟಿ ನೋಡಿದ. “ಗಟ್ಟಿಯಾಗೇ ಸಾರ್ತೀನಿ.”

ಬೆಳಿಗ್ಗೆ ಹೊಡೆದನಪ್ಪ ಮಾರಯ್ಯ! ಆ ಏಟಿಗೆ ತಿರುಮಕೂಡಲಿನ ಸಂಗಮದಲ್ಲಿ ಮೂರು ನದಿಗಳೂ ಒಂದು ಗಳಿಗೆ ನಿಂತು ಕಿವಿಗೊಟ್ಟಿರಬೇಕು.

“ಕೇಳ್ರಪ್ಪೋ ಕೇಳ್ರಿ! ಗಂಗಾಧರಸ್ವಾಮಿ ಬುದ್ಧಿಯೋರ ಬಚ್ಲಲ್ಲಿ ಸ್ಮಶಾನದ ಬಾಂದು ಕಲ್ಲು ಇಲ್ಲ! ಇರ್ಲೂ ಇಲ್ಲ! ನನ್ ಮಗ್ಳು ಬರ್ದಿರೋದೆಲ್ಲ ಸುಳ್ಳು!”

ಟೀ ಅಂಗಡಿಯ ಪುಟ್ಟಬಸವಯ್ಯ ಸೋಸುವ ಬಟ್ಟೆ ಹಿಡಿದುಕೊಂಡೇ ಹೊರಗೆ ಬಂದ. “ಏನ್ಲಾ ಮಾರ, ಯಾವ ಕಲ್ಲು? ಐತೆ ಅಂತ ಯಾರಂದಿದ್ರು?”

ತಮಟೆ ಹಿಡಿದವನು ಹೆಚ್ಚಿಗೆ ಮಾತಾಡುವಂತಿಲ್ಲ. ಮಾರಯ್ಯ ಅದನ್ನೇ ಇನ್ನೊಂದು ಸಲ ಸಾರಿ ಮುಂದೆ ನಡೆದ.

“ಅಯ್ಯೋ, ಇಲ್ದಿರೋ ಕಲ್ಲ ಇಲ್ಲ ಅನ್ನಕ್ಕೆ ತಮಟೆ ಯಾಕ್ಲಾ?” ಎಂದು ಪುಟ್ಟಬಸವಯ್ಯ ಒಲೆ ಆರಿಸಿ ಹಿಂದೆಯೇ ಹೊರಟ.

ಸುದ್ದಿಗೆ ಬೀದಿಬೀದಿಗೂ ಒಂದೊಂದು ಕೈಕಾಲು ಮೂಡಿತು. ಮೇಲ್ಬೀದಿಯಲ್ಲಿ ಬಚ್ಚಲಲ್ಲಿದ್ದದ್ದು ಕಲ್ಲು. ಗುಡಿಯ ಬೀದಿಗೆ ಬರುವಷ್ಟರಲ್ಲಿ ಕಲ್ಲಿನ ಕೆಳಗೆ ಕೊಪ್ಪರಿಗೆ. ಹಾಲಿನ ಡೈರಿ ದಾಟುವಾಗ ಕೊಪ್ಪರಿಗೆಯೊಳಗೆ ಹೆಣ. ಈ ಊರಲ್ಲಿ ಇಷ್ಟೊಂದು ಜನ ಕತೆಗಾರರಿದ್ದಾರೆಂದು ಕೋಮಲಳಿಗೆ ಗೊತ್ತಿರಲಿಲ್ಲ. ಆದರೆ ಕೇರಿಯ ಬಾಯಿಗೆ ಬಂದಾಗ ಯಾರೂ ಏನೂ ಸೇರಿಸಲಿಲ್ಲ. ಮಾರಯ್ಯ ಸಾರಿದ. ನಲ್ಲಿಯ ಮುಂದಿದ್ದ ಹೆಂಗಸರು ಬಿಂದಿಗೆ ಕೆಳಗಿಟ್ಟರು. ತಂತಮ್ಮ ಸತ್ತವರನ್ನು ನಾಲೆ ಏರಿಯಲ್ಲಿ ನೀರಿಗೆ ತುಳಿದು ಬಂದ ಗಂಡಸರು ಎದ್ದು ನಿಂತರು. ಎಲ್ಲರೂ ತಮಟೆಯ ಹಿಂದೆ ನಡೆದರು.

ಸಾರುವುದು ಕೊನೆಯಾಗಬೇಕಾದದ್ದು ಸಾರಿಸಿದವನ ಬಾಗಿಲಲ್ಲಿ. ಗಂಗಾಧರಸ್ವಾಮಿ ಜಗಲಿಯ ಮೇಲೆ ಸಿದ್ಧನಾಗಿ ನಿಂತಿದ್ದವನು ಊರಿಗೆ ಊರೇ ಬರುವುದನ್ನು ಕಂಡು ಪಂಚೆ ಎತ್ತಿಕಟ್ಟಿದ.

“ಏನ್ಲಾ ಇದು, ಮೆರವಣಿಗೆ? ಎಲ್ಲಿ ಅವ್ಳು? ಬೀಳೇ ಕಾಲ್ಗೆ!”

ಕೋಮಲ ಮುಂದೆ ಬಂದಳು. ಬೀಳಲಿಲ್ಲ.

“ಬುದ್ಧಿ, ಊರಿಗೆಲ್ಲ ಇಲ್ಲ ಅಂತ ಸಾರಾಯ್ತು. ಇಲ್ದಿರೋದ್ನ ಒಂದ್ ಕಿತ ತೋರಿಸ್ಬುಡಿ. ಆಮೇಕೆ ಬೀಳ್ತೀನಿ.”

“ನನ್ ಬಚ್ಚಲ ತೋರ್ಸ್‌ಬೇಕೇನೇ ನಿಂಗೆ, ಲೌಡಿ?”

“ಅಲ್ಲಿ ಕಲ್ಲು ಮಡಗಿದ್ದು ನಾನಲ್ವಾ ಬುದ್ಧಿ? ನನ್ ಕಲ್ಲ ನಾನ್ ನೋಡ್‌ಬ್ಯಾಡ್ವಾ?”

ಹಿಂದಿದ್ದ ಜನ ಕಿಸಕ್ಕೆಂದರು. ಗಂಗಾಧರಸ್ವಾಮಿ ಕೈಯೆತ್ತಿದ. ಎತ್ತಿದ ಆ ಕೈಯನ್ನು ಇಡೀ ಊರು ನೋಡಿತು. ಹುಟ್ಟಿದಾಗಿನಿಂದ ಹಾರೆ, ಗುದ್ದಲಿ, ಕರಣೆ ಯಾವುದನ್ನೂ ಹಿಡಿಯದ ಆ ಕೈಯ ಮೊಣಕೈವರೆಗೆ ಹಸಿ ಸಿಮೆಂಟು ಮೆತ್ತಿತ್ತು.

ಕೋಮಲ ಮನೆಯ ಪಕ್ಕದ ಓಣಿಗೆ ನುಗ್ಗಿದಳು. ಹಿತ್ತಲ ಬಾಗಿಲಿಗೆ ಮಂಗಳಮ್ಮ ಅಡ್ಡ ನಿಂತಳು. “ಒಳೀಕೆ ಕಾಲಿಟ್ಟೀಯೆ! ಮೈಲಿಗೆ ಕಣೇ, ಮನೆ ಹಾಳಾಗೋಯ್ತದೆ!”

“ದಾರಿ ಬುಡಿ ಅಮ್ಮಾವ್ರೆ. ತಳ್ಳಕ್ಕೆ ಅಂತ ನಿಮ್ನೇ ಮುಟ್ಬೇಕಾಯ್ತದೆ.”

ಮಂಗಳಮ್ಮ ಬೆಂಕಿ ಕಂಡವಳಂತೆ ಗೋಡೆಗೆ ಅಂಟಿಕೊಂಡಳು. ಕೋಮಲ ಚಪ್ಪಲಿ ಬಿಡದೆ ಒಳಗೆ ಹೋದಳು.

ಬಚ್ಚಲಿನ ಮೂಲೆಯಲ್ಲಿ ಕಲ್ಲು ಕಾಣಲಿಲ್ಲ. ಅಲ್ಲಿ ಸಿಮೆಂಟಿನ ಒಂದು ದಿಬ್ಬವಿತ್ತು. ಕೂಲಿಗೆ ಬರುವ ಗಾರೆಯವರೆಲ್ಲ ಕೇರಿಯವರೇ ಆದ್ದರಿಂದ ಯಾರನ್ನೂ ಕರೆಯಲಾಗದೆ, ಧಣಿ ಬೆಳಕು ಹರಿಯುವ ಮುಂಚೆ ತಾನೇ ಕಲಸಿ, ತಾನೇ ಬಡಿದು, ತಾನೇ ಸವರಿದ್ದ. ಎಮ್ಮೆ ಸಗಣಿ ಹಾಕಿದರೂ ಅದಕ್ಕಿಂತ ಓರಣವಾಗಿ ಹಾಕುತ್ತದೆ. ಕೆಳಗಿನ ಕಲ್ಲಿನ ಉದ್ದ, ಅಗಲ, ಮೂಲೆ ಎಲ್ಲವೂ ಹೊದಿಕೆಯೊಳಗೆ ಮಲಗಿದವರ ಮೈಯಂತೆ ಎದ್ದು ಕಾಣುತ್ತಿದ್ದವು. ಬಾಗಿಲು, ಕಿಟಕಿ, ಹಂಚಿನ ಸಂದು ಎಲ್ಲ ಕಡೆಯಿಂದಲೂ ಜನ ಇಣುಕಿದರು.

ಕೋಮಲ ಮಂಡಿಯೂರಿದಳು. ಬೆರಳಿಟ್ಟರೆ ಇಳಿಯಿತು. ಇನ್ನೂ ಹಸಿ.

ಅವಳು ಬರೆದಳು. ಕಾಜಾ ಹಾಕಿ ಜಡ್ಡುಗಟ್ಟಿದ್ದ ಬೆರಳನ್ನು ಗೆಣ್ಣಿನವರೆಗೆ ಅದ್ದಿ, ಒಂದೊಂದೇ ಅಕ್ಷರವನ್ನು ಆಳವಾಗಿ ಕೊರೆದಳು. ಗೋ. ವಿಂ. ದ. ಮ್ಮ.

“ಅಳಿಸೇ!” ಹಿಂದಿನಿಂದ ಗಂಗಾಧರಸ್ವಾಮಿ ಅರಚಿದ. “ನನ್ ಮನೇಲಿ ಆ ಮುಂಡೆ ಹೆಸ್ರು ಬರೀತೀಯಾ? ಅಳಿಸೇ!”

“ನೀವೇ ಅಳ್ಸಿ ಬುದ್ಧಿ,” ಎಂದಳು ಅವಳು ಏಳದೆ. “ನಾನ್ ಮುಟ್ಟಿರೋ ಸಿಮೆಂಟು. ಬನ್ನಿ, ಕೈ ಆಕಿ.”

ಅವನು ಒಂದು ಹೆಜ್ಜೆ ಮುಂದಿಟ್ಟ. ಬಾಗಿಲ ತುಂಬ ಕೇರಿಯವರು. ಅವರ ಮೈಗಳ ನಡುವೆ ತೂರದೆ ಅಲ್ಲಿಗೆ ಹೋಗುವ ದಾರಿ ಇರಲಿಲ್ಲ, ಒಬ್ಬನೂ ಪಕ್ಕಕ್ಕೆ ಸರಿಯಲಿಲ್ಲ. ಅವನು ಜೇಬಿನಿಂದ ಮೊಬೈಲು ತೆಗೆದು ಸ್ಟೇಷನ್ನಿಗೆ ಫೋನು ಹಚ್ಚಿದ. “ಸಾಹೇಬ್ರೆ, ಮನೇಗ್ ನುಗ್ಬುಟ್ಟವ್ರೆ, ಬೇಗ ಜೀಪ್ ಕಳ್ಸಿ!” ಎಂದು ಕೂಗಿ ಮಾರಯ್ಯನ ಕಡೆ ತಿರುಗಿದ. “ಲೇ ಮಾರ! ಉಪ್ಪು ತಿಂದಿದ್ದೀಯ ಕಣ್ಲಾ. ನೀನಾದ್ರೂ ಅಳ್ಸು. ನಿನ್ ಕೆಲ್ಸ ಉಳೀತದೆ, ಮಗಳ ಮೇಲೆ ಕೇಸೂ ಆಗಲ್ಲ. ಒಂದ್ ಸಲ ಕೈ ಆಡ್ಸು.”

ಮಾರಯ್ಯ ಒಳಗೆ ಬಂದ. ಅವನಿಗೆ ಅಕ್ಷರ ಬರುತ್ತಿರಲಿಲ್ಲ. “ಏನ್ ಬರ್ದಿದ್ದೀಯವ್ವ?” ಎಂದು ಮಗಳನ್ನು ಕೇಳಿದ.

“ಅವ್ವುನ್ ಎಸ್ರು.”

ಮಾರಯ್ಯ ಹೆಂಡತಿಯ ಹೆಸರಿನ ಮುಂದೆ ನಿಂತು, ತುಳಿದುಬಿಟ್ಟೇನೆಂಬಂತೆ ಕಾಲನ್ನು ಹಿಂದಕ್ಕೆ ಎಳೆದುಕೊಂಡ. ತಮಟೆಯನ್ನು ಎದೆಗೆ ಏರಿಸಿ ಹೊಡೆಯತೊಡಗಿದ. ಈ ಸಲ ಬಾಯಲ್ಲಿ ಏನನ್ನೂ ಸಾರಲಿಲ್ಲ. ಸುಮ್ಮನೆ ಹೊಡೆದ. ನಾಲ್ಕು ಗೋಡೆಯ ನಡುವೆ ಆ ಸದ್ದು ಹಂಡೆ ನಡುಗಿಸಿತು, ಹಂಚಿನ ದೂಳು ಉದುರಿಸಿತು.

ನಾಲೆಯ ರಸ್ತೆಯಲ್ಲಿ ಜೀಪಿನ ಹಾರನ್ನು ಕೇಳಿಸಿತು. ಯಾರೂ ಕದಲಲಿಲ್ಲ. ಗವಾಕ್ಷಿಯಿಂದ ಇಳಿದ ಬಿಸಿಲು ಸಿಮೆಂಟಿನ ಮೇಲೆ ಬಿದ್ದಿತ್ತು. ‘ಗೋ’ ಆಗಲೇ ಬಿಳಿಚಿಕೊಂಡು ಗಟ್ಟಿಯಾಗಿತ್ತು. ‘ಮ್ಮ’ ಇನ್ನೂ ಹಸಿಯಿತ್ತು. ಕೋಮಲ ಅದರ ಮೇಲೆ ಬಾಗಿ, ತುಟಿ ಮುಂದೆ ಮಾಡಿ ಊದುತ್ತಿದ್ದಳು.