ಜೀಗುಜ್ಜೆ ಮರವೂ ಮೌಪಿತಿಯ ಕಂಡಿಯೂ

೧

ಈ ಕತೆಯನ್ನು ಎಲ್ಲಿಂದ ಶುರುಮಾಡಬೇಕು ಎಂಬುದೇ ಇನ್ನೂ ತೀರ್ಮಾನವಾಗಿಲ್ಲ. ಸಮುದ್ರದಿಂದ ಶುರುಮಾಡಿದರೆ ಪ್ರವಾಸದ ಜಾಹೀರಾತಾಗುತ್ತದೆ. ಮಗುವಿನಿಂದ ಶುರುಮಾಡಿದರೆ ಟೀವಿ ಧಾರಾವಾಹಿಯಾಗುತ್ತದೆ. ಮೊದಲ ಕರಡು ಹೀಗಿತ್ತು:

"ನೀಲಿ ಲಗೂನ್‌ಗಳ ಮಡಿಲಲ್ಲಿ, ವಿಹಾರದೋಣಿಯೊಂದನ್ನು ಬಾಡಿಗೆಗೆ ಹಿಡಿದು, ದ್ವೀಪದಿಂದ ದ್ವೀಪಕ್ಕೆ..."

(ಹರಿದು ಹಾಕಿದೆ. ಇದನ್ನು ನಾನು ಅವಳ ಭಾಷೆಗೆ ತಿರುಗಿಸಿ ಓದಿದಾಗ, ಇದು ಯಾರ ಕತೆಯೋ ಆ ತಿತಾಯ್ನಾ ಹೇಳಿದ್ದು ಇಷ್ಟು: "ಮಡಿಲಂತೆ ಮಡಿಲು. ಆ ಮಡಿಲಲ್ಲಿ ಕಕ್ಕಸಿನ ಪಂಪು ಕಟ್ಕೊಂಡ್ರೆ ಬಿಚ್ಚಿ ತೊಳೆಯೋಳು ನಾನು. ಅದನ್ನ ಬರಿ.")

೨

ಎರಡನೇ ಪ್ರಯತ್ನ. ತಿತಾಯ್ನಾ ತಾಹಿತಿ ದ್ವೀಪಗಳ ಸಾಲಿನ ರಾಯಾತೆಯಾದವಳು. ಬಾಡಿಗೆ ವಿಹಾರದೋಣಿಯ ಚುಕ್ಕಾಣಿ ಹಿಡಿಯುವುದು ಅವಳ ಕೆಲಸ. ಹೊರದೇಶದವರು ವಾರದ ಮಟ್ಟಿಗೆ ದೋಣಿ ಹಿಡಿಯುತ್ತಾರೆ. ಇವಳು ಅವರನ್ನು ತಾಹಾ, ಬೋರಾಬೋರಾ ಎಂದು ಸುತ್ತಿಸಿ, ಹಸಿ ಮೀನಿಗೆ ನಿಂಬೆ ಹಿಂಡಿ ಕಾಯಿಹಾಲು ಬೆರೆಸಿ ಬಡಿಸಿ, ಬೆನ್ನು ಸುಟ್ಟುಕೊಂಡವರಿಗೆ ಎಣ್ಣೆ ಕೊಟ್ಟು, ಮರಳಿ ತಂದು ಬಿಡುತ್ತಾಳೆ. ಎಲ್ಲರನ್ನೂ ಅವರವರಿಗೆ ಬೇಕಾದಲ್ಲಿಗೆ ಮುಟ್ಟಿಸುವ ಇವಳಿಗೆ ಹೋಗಬೇಕೆನಿಸುವ ಊರು ಒಂದೇ, ಮೌಪಿತಿ. ಅಲ್ಲಿ ಅವಳ ಮಗಳಿದ್ದಾಳೆ, ವೈಮಿತಿ. ಆ ಹುಡುಗಿ ಇವಳನ್ನು ಚಿಕ್ಕಮ್ಮ ಎಂದು ಕರೆಯುತ್ತಾಳೆ.

ಮೌಪಿತಿಯಲ್ಲಿ ದೊಡ್ಡ ಶಾಲೆಯಿಲ್ಲ. ಹದಿನೈದು ತುಂಬಿದ ಮಕ್ಕಳು ಆಗಸ್ಟಿನಲ್ಲಿ ಓದಲು ಹೊರಗೆ ಹೋಗಲೇಬೇಕು. ಈ ವರ್ಷ ವೈಮಿತಿಯ ಸರದಿ. ಅವಳು ರಾಯಾತೆಯಾಕ್ಕೆ ಬಂದು ಚಿಕ್ಕಮ್ಮನ ಮನೆಯಲ್ಲಿ ಇರುತ್ತಾಳೋ, ಇಲ್ಲ ದೂರದ ತಾಹಿತಿಯ ಹಾಸ್ಟೆಲ್ ಸೇರುತ್ತಾಳೋ? ಕತೆಯೆಂದರೆ ಇದೊಂದೇ, ಉಳಿದದ್ದೆಲ್ಲ ಉಪ್ಪುನೀರು.

(ಇಲ್ಲೊಂದು ಮಾತು ಹೇಳಿಬಿಡಬೇಕು. ಹುಡುಗಿ ಬಂದರೆ ಅವಳಿಗೆ ಎಂದು ಇಟ್ಟಿರುವ ಹಿಂದಿನ ಕೋಣೆಯಲ್ಲಿ ಸದ್ಯ ಬಾಡಿಗೆಗಿರುವವನು ನಾನು. ಎಂದೋ ನಿಮ್ಮ ಕಡೆಯಿಂದ ಬಂದು, ದೋಣಿಗಳ ರೇಡಿಯೊ ರಿಪೇರಿ ಮಾಡುತ್ತ ಈ ದ್ವೀಪದಲ್ಲೇ ತಲೆ ನರೆಸಿಕೊಂಡವನು. ಹುಡುಗಿ ಬಂದ ದಿನ ನನಗೆ ಕೋಣೆಯಿಲ್ಲ. ಬೆಕ್ಕಿನ ಮುಂದೆ ಹಾಲಿಟ್ಟು ಕಾಯಲು ಹೇಳಿದ್ದಾರಲ್ಲ ಎಂದು ನಿಮಗನಿಸಿದರೆ ತಪ್ಪಿಲ್ಲ. ನನ್ನ ಮೇಲೆ ಒಂದು ಕಣ್ಣಿಟ್ಟಿರಿ.)

೩

ಮಗಳು ಅಕ್ಕನ ಮನೆ ಸೇರಿದ್ದರಲ್ಲಿ ಗುಟ್ಟೇನೂ ಇಲ್ಲ. ಮಗುವನ್ನು ನೆಂಟರಿಗೆ ಸಾಕಲು ಕೊಡುವುದು ಇಲ್ಲಿ ಮನೆಮನೆಯ ಮಾತು. ಅಕ್ಕ ಮಾಯಿರೆಗೆ ಮಕ್ಕಳಾಗಿರಲಿಲ್ಲ. ತಂಗಿಯ ಹೊಟ್ಟೆಯಲ್ಲಿದ್ದ ಕೂಸಿನ ಅಪ್ಪ ಹಡಗು ಹತ್ತಿ ಹೋದವನು ಮತ್ತೆ ಪತ್ತೆಯಿರಲಿಲ್ಲ. ಕೊಟ್ಟವಳು ಕೊಟ್ಟಳು, ಪಡೆದವಳು ತಾಯಿಯಾದಳು, ಊರು ತಲೆಯಾಡಿಸಿತು. ಹೆತ್ತವಳು ಯಾರೆಂಬುದು ವೈಮಿತಿಗೂ ಗೊತ್ತು.

ಗುಟ್ಟಿರುವುದು ನೆಲದಲ್ಲಿ. ಹೆರಿಗೆಯಾದ ಮೇಲೆ ಬೀಳುವ ಮಾಸನ್ನು ಇಲ್ಲಿ ಎಸೆಯುವುದಿಲ್ಲ. ಮಗು ಬೆಳೆಯಬೇಕಾದ ಮನೆಯ ಹಿತ್ತಲಲ್ಲಿ ಹೂತು, ಮೇಲೊಂದು ಗಿಡ ನೆಡುತ್ತಾರೆ. ಆ ಮರ ಮಗುವಿನದು, ಮಗು ಆ ನೆಲದ್ದು. ಕೂಸಿನ ಜೊತೆ ಮಾಸೂ ಮೌಪಿತಿಗೆ ಹೋಗಬೇಕಿತ್ತು. ತಿತಾಯ್ನಾ ಕೂಸನ್ನು ಕೊಟ್ಟಳು. ಮಾಸು ಎಲ್ಲಿ ಎಂದು ಅಕ್ಕ ಕೇಳಿದಾಗ, ಆಸ್ಪತ್ರೆಯಲ್ಲಿ ಎಲ್ಲೋ ಕೈತಪ್ಪಿತು ಎಂದು ಸುಳ್ಳು ಹೇಳಿದಳು. ಅಕ್ಕ ಕೂಸನ್ನು ಎದೆಗೊತ್ತಿಕೊಂಡು ಅತ್ತಳು. ಅಕ್ಕನ ದೋಣಿ ಕಣ್ಮರೆಯಾದ ಮೇಲೆ ಇವಳು ತನ್ನ ಹಿತ್ತಲಲ್ಲೇ ಗುಂಡಿ ತೋಡಿದಳು.

"ಮಗೂನ ಕೇಳಿದ್ರು, ಕೊಟ್ಟೆ," ಎಂದು ನನಗೆ ಹೇಳಿದ್ದಳು. "ಅದನ್ನೂ ಕೊಟ್ಬಿಟ್ಟಿದ್ರೆ ನನ್ನ ಹತ್ರ ಏನು ಉಳೀತಿತ್ತು, ನೀನೇ ಹೇಳು."

ಆ ಗುಂಡಿಯ ಮೇಲೆ ನೆಟ್ಟ ಜೀಗುಜ್ಜೆ, ಅದೇ ದೀವಿಹಲಸು, ಈಗ ನನ್ನ ಕಿಟಕಿಗೆ ನೆರಳು. ಮರದ ಮೊದಲ ಕಾಯಿ ಮರದ ಒಡೆಯನಿಗೆ ಸಲ್ಲಬೇಕೆಂಬುದು ಇಲ್ಲಿಯ ರೂಢಿ. ಮರ ಬಿಡಲು ಶುರುಮಾಡಿದ ವರ್ಷದಿಂದ ತಿತಾಯ್ನಾ ಮೊದಲ ಕಾಯಿಗಳನ್ನು ಬುಟ್ಟಿ ಕಟ್ಟಿ, "ಹುಡುಗಿಗೆ" ಎಂದು ಹೇಳಿ ಮೌಪಿತಿಯ ಫೆರಿಗೆ ಹಾಕುತ್ತಾಳೆ. ಮೌಪಿತಿಯಲ್ಲೋ ಜೀಗುಜ್ಜೆ ತಿನ್ನುವವರಿಲ್ಲದೆ ನೆಲಕ್ಕೆ ಬಿದ್ದು ಕೊಳೆಯುತ್ತದೆ.

ಆ ಊರಿನ ಮಕ್ಕಳೆಲ್ಲ ತಮ್ಮ ತಮ್ಮ ಮರ ಹತ್ತಿ ಕೂರುವಾಗ ವೈಮಿತಿ ಕೆಳಗೆ ನಿಲ್ಲುತ್ತಿದ್ದಳಂತೆ. ನನ್ನ ಮರ ಎಲ್ಲಿ ಎಂದು ಹಟ ಹಿಡಿದಾಗ ಮಾಯಿರೆ ಬರೀ ಮಣ್ಣಿನ ಮೇಲೆ ಒಂದು ನಿಂಬೆ ಗಿಡ ನೆಟ್ಟು ಇದೇ ನಿನ್ನದು ಎಂದಳಂತೆ. ಅದು ಬದುಕಲಿಲ್ಲ.

೪

ಮೌಪಿತಿಗೆ ವಿಮಾನವಿಲ್ಲವೇ, ಫೆರಿ ಇಲ್ಲವೇ, ಹುಡುಗಿಯ ಹತ್ತಿರ ಮೊಬೈಲಿಲ್ಲವೇ ಎಂದು ನೀವು ಕೇಳುತ್ತೀರಿ. ನಿಮ್ಮ ಪರವಾಗಿ ನಾನೇ ಕೇಳಿದೆ.

"ಮರದ ವಿಷ್ಯ ಮೊಬೈಲಲ್ಲಿ ಹೇಳೋದಾ? ಸಾವಿನ ಸುದ್ದಿ ಬೇಕಾದ್ರೆ ಹೇಳ್ತಾರೆ," ಎಂದಳು. "ವಿಮಾನದಲ್ಲಿ ಹೋದ್ರೆ 'ಬಂದ್ಲು' ಅಂತಾರೆ. ಯಾಕೆ ಬಂದ್ಲು ಅಂತಾರೆ. ದೋಣೀಲಿ ಹೋದ್ರೆ 'ಹಾಯ್ತಾ ಇದ್ಲು, ಇಳಿದ್ಲು' ಅಷ್ಟೇ. ಕೊಟ್ಟೋಳು ಹುಡುಕ್ಕೊಂಡು ಹೋಗಬಾರ್ದು ಮಾರಾಯ. ದಾರೀಲಿ ಸಿಕ್ಕಿದ್ರೆ ಅದು ಬೇರೆ ಮಾತು."

"ಅಕ್ಕ ಏನಾದರೂ ಅಂದಿದ್ದಾಳಾ?"

"ಅಕ್ಕ ಏನೂ ಅನ್ನಲ್ಲ. ಹಿಂದೊಂದ್ಸಲ ಹೋದಾಗ ಹುಡುಗಿಗೆ ಜಡೆ ಹಾಕಿದ್ದೆ. ಅಕ್ಕ ನೋಡಿ ಒಳಗೆ ಹೋದ್ಲು. ಊಟಕ್ಕೆ ಕರೆಯೋವರೆಗೂ ಈಚೆ ಬರ್ಲಿಲ್ಲ. ಆಮೇಲೆ ನಾನು ಹೋಗಿಲ್ಲ."

೫

(ಐದನೇ ಭಾಗದಲ್ಲಿ ಒಂದು ಸೂರ್ಯಾಸ್ತವಿತ್ತು. ತೆಗೆದಿದ್ದೇನೆ.)

೬

ಜುಲೈಯಲ್ಲಿ ದೋಣಿ ಹಿಡಿದವರು ಆಸ್ಟ್ರೇಲಿಯಾದ ದಂಪತಿ. ಗ್ರಹಾಂ ನಿವೃತ್ತ ದಂತವೈದ್ಯ, ಎದುರಿನವರು ನಕ್ಕರೆ ಮುಖ ಬಿಟ್ಟು ಹಲ್ಲು ನೋಡುತ್ತಾನೆ. ಹೆಂಡತಿ ಲಿನೆಟ್‌ಗೆ ಕಂಡದ್ದೆಲ್ಲ ಕೇಳುವ ಚಾಳಿ. ತಿತಾಯ್ನಾ ಬೋರಾಬೋರಾದಲ್ಲಿ ಲಂಗರು ಹಾಕುವುದು ಯಾವಾಗಲೂ ಪಡುವಣ ದಂಡೆಯಲ್ಲೇ, ಅಲ್ಲಿಂದ ಮೌಪಿತಿಯ ಗುಡ್ಡದ ನೆತ್ತಿ ಕಾಣಿಸುತ್ತದೆ. ಬೆಳಗಿನ ಕಾಫಿ ಹಿಡಿದು ಬಂದ ಲಿನೆಟ್‌ಗೂ ಕಾಣಿಸಿತು.

"ಅದ್ಯಾವ ಊರಮ್ಮ?"

"ಮೌಪಿತಿ."

"ಅಲ್ಲಿಗೆ ಹೋಗಬಹುದಾ?"

ಹೋಗುವಂತಿಲ್ಲ. ಬಾಡಿಗೆ ದೋಣಿ ಅಲ್ಲಿಗೆ ಒಯ್ಯಕೂಡದೆಂದು ದೋಣಿಯ ಮಾಲೀಕರ ಕಟ್ಟಪ್ಪಣೆ. ಆ ದ್ವೀಪವನ್ನು ಸುತ್ತಿರುವ ಹವಳದ ದಂಡೆಗೆ ಇರುವುದು ಒಂದೇ ಕಂಡಿ, ಅದೂ ಕಿರಿದು, ದಕ್ಷಿಣಕ್ಕೆ ಬಾಯಿ ತೆರೆದದ್ದು. ದಕ್ಷಿಣದಿಂದ ದೊಡ್ಡ ಅಲೆ ಎದ್ದರೆ ಕಂಡಿಯ ತುಂಬ ಬರೀ ನೊರೆ. ಇದನ್ನೆಲ್ಲ ತಿತಾಯ್ನಾ ಸಾವಿರ ಸಲ ಸಾವಿರ ಜನರಿಗೆ ಹೇಳಿದ್ದಾಳೆ. ಆ ಬೆಳಿಗ್ಗೆ ಅವಳು ಹೇಳಿದ್ದು ಬೇರೆ.

"ಒಳಗೆ ಹೋಗೋಕಾಗಲ್ಲ. ಹೊರಗಿಂದ ನೋಡ್ಕೊಂಡು ಬರಬಹುದು."

"ನಿನಗೆ ತೊಂದರೆ ಇಲ್ಲ ತಾನೇ?" ಎಂದ ಗ್ರಹಾಂ.

"ಗಾಳಿ ಚೆನ್ನಾಗಿದೆ," ಎಂದು ಅವಳು ಹಾಯಿ ಏರಿಸಿದಳು. ಅಡುಗೆ ಕಟ್ಟೆಯ ಕೆಳಗೆ ಒಂದು ಬುಟ್ಟಿ ಜೀಗುಜ್ಜೆ ಇತ್ತು. ಇಬ್ಬರು ಮುದುಕರಿಗೆ ಅಷ್ಟು ಯಾಕೆ ಎಂದು ಹೊರಡುವಾಗಲೇ ಕೇಳಬೇಕಿತ್ತು ನಾನು.

೭

ಕಂಡಿಯ ಹೊರಗೆ ಬಂದಾಯಿತು. ಕತೆಯ ಈ ಜಾಗಕ್ಕೆ ನಾನು ಅಲೆಯನ್ನು ಇಳಿಸಿ ಬರೆದಿದ್ದೆ. ದೋಣಿ ನಿರಾಯಾಸವಾಗಿ ಒಳಗೆ ಹೋಗುತ್ತದೆ, ಹುಡುಗಿ ಕಟ್ಟೆಯ ಮೇಲೆ ನಿಂತಿರುತ್ತಾಳೆ. ಓದಿ ಹೇಳುತ್ತಿದ್ದಂತೆ ತಿತಾಯ್ನಾ ಕೈಯೆತ್ತಿ ತಡೆದಳು.

"ನೀರು ಹೇಗಿತ್ತು ಅಂತ ಬರ್ದಿದ್ದೀಯ?"

"ಕೊಳದ ಹಾಗೆ ಶಾಂತವಾಗಿತ್ತು ಅಂತ."

"ನೀನು ಯಾವ ಭಾಷೇಲಾದ್ರೂ ಬರಿ. ಆ ಕಂಡಿಗೆ ಓದೋಕೆ ಬರಲ್ಲ."

"ಹಾಗಾದರೆ ಧೈರ್ಯ ಮಾಡಿ ನುಗ್ಗಿದಳು ಅನ್ನಲಾ? ಓದುಗರಿಗೆ ಇಷ್ಟವಾಗುತ್ತದೆ."

"ನಿನ್ನ ಓದುಗರನ್ನ ಕೂರಿಸ್ಕೊಂಡು ನುಗ್ಗು. ನನ್ನ ದೋಣೀಲಿ ಇಬ್ರು ಮುದುಕರಿದ್ರು. ನನಗೆ ಬೇಕಾಗಿರೋದು ಮಗಳು, ಹೆಣ ಅಲ್ಲ."

ಸರಿ. ಅಲೆ ಮನೆಯೆತ್ತರ ಏಳುತ್ತಿತ್ತು. ಕಂಡಿಯ ಎರಡೂ ಕಡೆ ಒಡೆದ ನೀರು ನಡುವೆ ಬಂದು ಡಿಕ್ಕಿ ಹೊಡೆಯುತ್ತಿತ್ತು. ಆಚೆಗೆ ದಂಡೆಯೊಳಗಿನ ಲಗೂನಿನ ತಿಳಿನೀರು, ಚರ್ಚಿನ ಕೆಂಪು ಸೂರು, ಒಣಹಾಕಿದ ಬಟ್ಟೆಯ ಬಣ್ಣವೂ ಕಾಣುವಷ್ಟು ಹತ್ತಿರ. ತಿತಾಯ್ನಾ ದೋಣಿಯ ಮೂತಿಯನ್ನು ಗಾಳಿಗೆ ಕೊಟ್ಟು ನಿಲ್ಲಿಸಿದಳು. ಅವಳಿಗೆ ಅಳು ಬರಲಿಲ್ಲವಂತೆ, ಹಸಿವಾಯಿತಂತೆ. ಬೆಳಗಿನಿಂದ ಅವಳು ಏನೂ ತಿಂದಿರಲಿಲ್ಲ.

೮

ರೇಡಿಯೊ ಬಗ್ಗೆ ನಾನು ಬಲ್ಲೆ, ಆದ್ದರಿಂದ ಈ ಭಾಗವನ್ನು ನಂಬಬಹುದು. ದೋಣಿಯ ರೇಡಿಯೊದಲ್ಲಿ ಗುಂಡಿ ಒತ್ತಿದರೆ ಮಾತಾಡಬಹುದು, ಆಗ ಕೇಳಿಸುವುದಿಲ್ಲ. ಬಿಟ್ಟರೆ ಕೇಳಿಸುತ್ತದೆ, ಆಗ ಮಾತಾಡಲಾಗದು. ಇನ್ನೊಂದು ವಿಷಯ, ಒಬ್ಬರು ಆಡಿದ್ದು ಎಲ್ಲರಿಗೂ ಕೇಳಿಸುತ್ತದೆ. ಮೌಪಿತಿಯ ಹೆಂಗಸರು ಅಡುಗೆಮನೆಯಲ್ಲಿ ಅದನ್ನು ದಿನವಿಡೀ ಹಾಕಿಟ್ಟಿರುತ್ತಾರೆ. ಮಾಯಿರೆಯೂ ಹಾಗೆಯೇ. ಅವಳ ಗಂಡ ತಿಹೋನಿಯೇ ಬರುವ ದೋಣಿಗಳಿಗೆ ಕಂಡಿಯ ಸ್ಥಿತಿ ಹೇಳುವವನು.

"ಮೌಪಿತಿ, ಮೌಪಿತಿ. ಕಂಡಿ ಹೇಗಿದೆ?" ಎಂದು ತಿತಾಯ್ನಾ ಕೇಳಿದಳು. ಹೇಗಿದೆ ಎಂಬುದು ಎದುರಿಗೇ ಕಾಣುತ್ತಿತ್ತು.

"ಅಪ್ಪ ಲಗೂನಲ್ಲಿ ಮೀನು ಹಿಡಿಯೋಕೆ ಹೋಗಿದಾರೆ. ನಾನು ವೈಮಿತಿ. ಯಾರು ಅದು, ಚಿಕ್ಕಮ್ಮನಾ?"

"ಹೌದು ಕಣೆ. ಹಾಯ್ತಾ ಇದ್ದೆ."

"ಹಾಯ್ತಾ ಇದ್ದೆ ಅಂತೀಯ. ಇಲ್ಲಿಂದಾಚೆ ಊರೇ ಇಲ್ವಲ್ಲ."

ಹುಡುಗಿಯೇ ಮುಂದುವರಿಸಿದಳು.

"ಕಂಡಿ ಮುಚ್ಚಿದೆ, ಬರಬೇಡ. ಈ ವಾರ ಪೂರ್ತಿ ಅಲೆ ಇಳಿಯಲ್ಲ ಅಂದ್ರು ಅಪ್ಪ."

"ಬರಲ್ಲ. ಒಂದು ಬುಟ್ಟಿ ಜೀಗುಜ್ಜೆ ತಂದಿದ್ದೆ, ಅಷ್ಟೇ."

ಗುಂಡಿ ಬಿಟ್ಟಳು. ಬರೀ ಗೊರಗೊರ ಸದ್ದು. ಆಮೇಲೆ ಹುಡುಗಿಯ ದನಿ ಬಂತು.

"ನನ್ನ ಮರದ್ದಾ, ಚಿಕ್ಕಮ್ಮ?"

೯

ಜೀಗುಜ್ಜೆ ಬೇಕಾದಷ್ಟಿರುವ ಊರಿಗೆ ಪ್ರತಿ ವರ್ಷ ಜೀಗುಜ್ಜೆ ಕಳಿಸುವ ಚಿಕ್ಕಮ್ಮ, ಅದೂ ಮೊದಲ ಕಾಯಿ, ಅದೂ ಹುಡುಗಿಗೇ ಎಂದು ಹೇಳಿ. ಯಾರೂ ಹೇಳಿಕೊಡಬೇಕಾದ್ದೇನಿಲ್ಲ. ಹುಡುಗಿಗೆ ಬುದ್ಧಿಯಿದೆ.

"ನೀನೇನಂದೆ?" ಎಂದು ಕೇಳಿದೆ.

ತಿತಾಯ್ನಾ ಮರದ ಕೆಳಗೆ ಕೂತು ಹಗ್ಗ ಹೆಣೆಯುತ್ತಿದ್ದಳು. "ಅದು ನಿನ್ನ ಕತೆಗಲ್ಲ," ಎಂದಳು.

ಎಷ್ಟು ಗೋಗರೆದರೂ ಅಷ್ಟೇ. ಆದ್ದರಿಂದ ಓದುಗರೇ, ಮುಂದಿನದನ್ನು ನಾನೇ ಕಟ್ಟಬೇಕಾಯಿತು. ಮೂರು ಕಟ್ಟಿದ್ದೇನೆ. ಮೂರನ್ನೂ ಅವಳಿಗೆ ಓದಿದೆ.

ಕ) ತಿತಾಯ್ನಾ ಗುಂಡಿ ಒತ್ತಿ, ಹೌದು ನಿನ್ನ ಮರದ್ದೇ ಎಂದಳು. ಅಡುಗೆಮನೆಯಲ್ಲಿದ್ದ ಮಾಯಿರೆಯ ಕೈಯಿಂದ ಪಾತ್ರೆ ಬಿತ್ತು. ಹುಡುಗಿ ರಾಯಾತೆಯಾಕ್ಕೆ ಬಂದಳು, ಅಕ್ಕ ತಂಗಿಯರು ಮತ್ತೆ ಮಾತಾಡಲಿಲ್ಲ. ("ಪಾತ್ರೆ ಬೀಳಿಸಬೇಡ," ಎಂದಳು ತಿತಾಯ್ನಾ. "ಅಕ್ಕ ಅಂಥೋಳಲ್ಲ.")

ಖ) ಎಲ್ಲರೂ ಕೇಳುತ್ತಿದ್ದಾರೆಂದು ಹೆದರಿ, ಅಲ್ಲ, ಸಂತೆಯಲ್ಲಿ ಕೊಂಡದ್ದು ಎಂದಳು. ಹುಡುಗಿ ತಾಹಿತಿಗೆ ಹೋದಳು. ಹಿಂದಿನ ಕೋಣೆಯಲ್ಲಿ ಬಾಡಿಗೆಯವನು ಸುಖವಾಗಿದ್ದನು. (ಇದನ್ನು ಬರೆಯುವಾಗ ನನ್ನ ಕೈ ಸರಾಗವಾಗಿ ಓಡಿತು. ಗಮನಿಸಿದಿರಿ ತಾನೇ. ತಿತಾಯ್ನಾ ಹಗ್ಗದ ಗಂಟು ಬಿಗಿದಳು.)

ಗ) ಅವಳು ಗುಂಡಿ ಒತ್ತುವ ಮೊದಲೇ ರೇಡಿಯೊದಲ್ಲಿ ಮಾಯಿರೆಯ ದನಿ ಬಂತು. "ನಿನ್ನ ಮರದ್ದೇ ಕಣೆ ವೈಮಿತಿ. ನನಗೆ ಮೊದಲ ಬುಟ್ಟಿ ಬಂದಾಗ್ಲೇ ಗೊತ್ತಾಯ್ತು. ತಂಗೀ, ನೀನು ದಾರಿ ತಪ್ಪಿದವಳ ಹಾಗೆ ಹೊರಗೆ ನಿಲ್ಲಬೇಡ. ಅಲೆ ಇಳಿದ ಮೇಲೆ ಬಾ. ಬರೋಕೇ ಅಂತ ಬಾ."

ತಿತಾಯ್ನಾಳ ಕೈ ನಿಂತಿತು. ಮರದ ಕಡೆ ಮುಖ ತಿರುಗಿಸಿದಳು. ನಾನು ಕಾಗದ ಮಡಚುವಾಗ ತಿರುಗದೆಯೇ ಹೇಳಿದಳು.

"ಅದನ್ನ ಇನ್ನೊಂದ್ಸಲ ಓದು."

ಓದಿದೆ. ಮತ್ತೊಂದು ಸಲವೂ ಓದಿಸಿಕೊಂಡಳು. ಹಾಗೇ ನಡೆಯಿತೋ, ಹಾಗೆ ನಡೆಯಲಿಲ್ಲವೆಂದೇ ಓದಿಸಿಕೊಂಡಳೋ ನನಗೆ ತಿಳಿಯಲಿಲ್ಲ, ಕೇಳಲೂ ಹೋಗಲಿಲ್ಲ.

೧೦

ಇಂದು ಮೌಪಿತಿಯಿಂದ ಫೆರಿ ಬರುವ ದಿನ. ಬರುವ ವಾರ ಶಾಲೆ ಶುರು. ತಿತಾಯ್ನಾ ತಲೆ ಬಾಚಿ, ಕಿವಿಯ ಮೇಲೆ ಹೂವಿಟ್ಟುಕೊಂಡು, ಬ್ರೆಡ್ ತರುತ್ತೇನೆ ಎಂದು ಹೊರಟಳು. ಬ್ರೆಡ್ಡಿನ ಅಂಗಡಿ ಇರುವುದು ಎಡಕ್ಕೆ. ಅವಳು ಬಲಕ್ಕೆ ತಿರುಗಿದಳು, ಹಡಗುಕಟ್ಟೆಯ ಕಡೆಗೆ.

(ಇಲ್ಲಿ ಒಂದು ಮುಕ್ತಾಯ ಬೇಕು ಎನ್ನುತ್ತೀರಿ. ಹುಡುಗಿ ಇಳಿದಳು ಎಂದು ಬರೆದರೆ ತಿತಾಯ್ನಾಳ ಬಾಯಿಂದ ಬಾರದ್ದನ್ನು ನಾನು ಆಡಿದಂತೆ. ಇಳಿಯಲಿಲ್ಲ ಎಂದು ಬರೆದರೆ ಕೋಣೆಯ ಆಸೆಗೆ ಬರೆದ ಎನ್ನುತ್ತೀರಿ. ಎರಡೂ ನನ್ನಿಂದಾಗದು.)

ಫೆರಿಯ ಕೂಗು ಕೇಳಿಸಿತು. ಇಲ್ಲಿಂದ ಹಡಗುಕಟ್ಟೆ ಕಾಣುವುದಿಲ್ಲ, ಮರ ಅಡ್ಡ. ಎದ್ದು ಬೇಲಿಯ ತನಕ ಹೋದರೆ ಕಂಡೀತು. ನಾನು ಏಳುವುದಿಲ್ಲ. ಬೇಕಾದರೆ ನೀವು ಹೋಗಿ ನೋಡಿ ಬನ್ನಿ, ನನಗೆ ಮಾತ್ರ ಹೇಳಬೇಡಿ. ನನ್ನ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಿ ಮಂಚದ ಕೆಳಗೆ ಇಟ್ಟಿದ್ದೇನೆ. ಮರದ ದೊಡ್ಡ ಕಾಯಿಯನ್ನೇ ಕಿತ್ತು ಕೆಂಡದಲ್ಲಿ ಹೂತಿದ್ದೇನೆ, ಮೂರು ಜನರಿಗೆ ಸಾಕಾಗುತ್ತದೆ.