ಮಾನ್ವಿಯ ರಂಗೋಲಿ

ನಾನು ಅಂಥ ಕೆಟ್ಟವನೇನಲ್ಲ ಎಂದು ಈಗಲೂ ಆಗಾಗ ನನಗೆ ನಾನೇ ಹೇಳಿಕೊಳ್ಳುತ್ತೇನೆ. ನಂಬಿಕೆ ಬರುವುದಿಲ್ಲ.

೧೯೮೮ರಲ್ಲಿ ರಾಯಚೂರಿನ ನಮ್ಮ ಆರೋಗ್ಯ ಇಲಾಖೆ ಕಚೇರಿಗೆ ಹೊಸದಾಗಿ ಕಂಪ್ಯೂಟರ್ ಬಂತು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು, ಅಷ್ಟು ಮಡಿ. ಅದನ್ನು ನಡೆಸಲು ನನ್ನನ್ನೂ ಸರ್ವರಿ ಬೇಗಂಳನ್ನೂ ತಾತ್ಕಾಲಿಕವಾಗಿ ತೆಗೆದುಕೊಂಡಿದ್ದರು. ಕೆಲಸ ನೋಡಿ ಕಾಯಂ ಮಾಡುತ್ತೇನೆಂದು ಸಿದ್ದರಾಮಪ್ಪ ಸಾಹೇಬರು ಹೇಳಿದ್ದರು. ನನಗೆ ಆ ಕೆಲಸ ಹೋದರೆ ಇನ್ನೊಂದು. ಸರ್ವರಿ ಗಂಡ ತೀರಿಕೊಂಡವಳು. ಅತ್ತೆ, ಮಗಳು ಇಬ್ಬರೂ ಅವಳ ಕೈ ನೋಡಿಕೊಂಡಿದ್ದರು.

ಆ ಕರಿ ಪರದೆಯಲ್ಲಿ ಚಿತ್ರ ಬರುತ್ತಿರಲಿಲ್ಲ, ಬರೀ ಅಕ್ಷರ. ಆದರೆ ಚುಕ್ಕಿ, ನಕ್ಷತ್ರ, ಓರೆಗೀಟುಗಳನ್ನೇ ಸಾಲುಸಾಲಾಗಿ ಹೊಡೆದರೆ ಗುಡಿ ಆಗುತ್ತದೆ, ನವಿಲು ಆಗುತ್ತದೆ. ಈ ಚಟ ನನಗೆ ಹತ್ತಿತ್ತು. ಸಾಹೇಬರಿಗೆ ಆಟವೆಂದರೆ ಆಗದು; ಅವರು ಊಟಕ್ಕೆ ಹೋದಾಗ ನನ್ನ ಕಾರುಬಾರು.

ಒಂದು ಮಧ್ಯಾಹ್ನ, ಮಾನ್ವಿಯ ನಮ್ಮ ಮನೆ ಮುಂದೆ ಅವ್ವ ಹಾಕುವ ಹದಿನೈದು ಚುಕ್ಕಿಯ ರಂಗೋಲಿ ಬಿಡಿಸಲು ಕೂತೆ. ಮೊದಲು ಕಡತಕ್ಕೊಂದು ಹೆಸರು ಕೊಡಬೇಕು. ರಂಗೋಲಿ ಮಾನ್ವಿಯದು, ಹೆಸರೂ ‘ಮಾನ್ವಿ’ ಎಂದೇ ಕೊಟ್ಟೆ. ಅದೇ ಹೆಸರಿನ ಕಡತ ಮೊದಲೇ ಇದ್ದರೆ ಆ ಯಂತ್ರ ಒಂದು ಮಾತು ಕೇಳುವುದಿಲ್ಲ. ಹಳೆಯದನ್ನು ಒರೆಸಿ ಹೊಸದಕ್ಕೆ ಜಾಗ ಮಾಡುತ್ತದೆ. ಗೊತ್ತಿತ್ತು. ಹುರುಪಿನಲ್ಲಿ ಮರೆತೆ. ಚೆನ್ನಾಗಿ ಬಂದ ರಂಗೋಲಿಯನ್ನು ಕಣ್ತುಂಬ ನೋಡಿ, ಸಾಹೇಬರಿಗೆ ಕಾಣದಿರಲೆಂದು ಅದನ್ನೂ ಅಳಿಸಿದೆ.

ಮರುದಿನ ಬೆಳಿಗ್ಗೆ ಸರ್ವರಿ ಕರೆದಳು.

“ವಾದಿರಾಜರೇ, ಸ್ವಲ್ಪ ಇಲ್ಲಿ ಬರ್ರಿ. ದೇವದುರ್ಗ ಅದ, ಮಾನ್ವಿ ಇಲ್ಲ.”

ಕಣ್ಣಿನ ಆಪರೇಶನ್ ಶಿಬಿರಕ್ಕೆ ಹೆಸರು ಕೊಟ್ಟವರ ಪಟ್ಟಿ ಅದು. ತಾಲೂಕಿಗೊಂದು ಕಡತ ಮಾಡಿ ಅವಳೇ ಹೊಡೆದಿದ್ದಳು, ಹನ್ನೊಂದಕ್ಕೆ ಮೀಟಿಂಗ್ ಇತ್ತು. ನಿನ್ನೆ ರಂಗೋಲಿಗೆ ಕೊಟ್ಟ ಹೆಸರು ಆಗ ನೆನಪಾಯಿತು.

ಸಾಹೇಬರು ಎಲ್ಲರ ಮುಂದೆ ಅವಳನ್ನು ಬೈದರು. ಆಮೇಲೆ ನನ್ನ ಕಡೆ ತಿರುಗಿದರು.

“ನೀ ಏನರೆ ಮುಟ್ಟಿದ್ಯೇನೋ?”

“ಇಲ್ರಿ ಸರ್.”

“ನಂದೇ ತಪ್ಪಿರಬೇಕ್ರಿ ಸರ್,” ಎಂದಳು ಸರ್ವರಿ. “ಎಲ್ಲೋ ಏನೋ ಒತ್ತೀನಿ.”

ಅರ್ಜಿಗಳ ಕಟ್ಟು ಇತ್ತು, ಮತ್ತೆ ಹೊಡೆಯಬೇಕಾಯಿತು. ಓದಿ ಹೇಳುತ್ತೇನೆಂದು ನಾನೇ ಪಕ್ಕದಲ್ಲಿ ಕೂತೆ. ಚೀಕಲಪರ್ವಿ, ಬೂದೆಮ್ಮ, ಬಲಗಣ್ಣು. ಬಾಗಲವಾಡ, ಹನುಮಂತ್ರಾಯ, ಎರಡೂ ಕಣ್ಣು. ಪ್ರತಿ ಹೆಸರಿನ ಕೊನೆಗೆ, ಈಗ ಹೇಳಿಬಿಡೋಣ ಅನ್ನಿಸುತ್ತಿತ್ತು. ಬಾಯಿ ತೆರೆದರೆ ಮುಂದಿನ ಹೆಸರು ಬರುತ್ತಿತ್ತು. ಹೀಗೇ ಮೂರು ದಿನ.

ತಿಂಗಳ ಕೊನೆಗೆ ಅವಳನ್ನು ಕೆಲಸದಿಂದ ಬಿಡಿಸಿದರು. ನಾನು ಕಾಯಂ ಆದೆ. ಸಹೋದ್ಯೋಗಿಯ ತಪ್ಪು ಸರಿಪಡಿಸಲು ತಾನಾಗಿ ಮುಂದೆ ಬಂದವನು ಎಂದು ಸಾಹೇಬರು ನನ್ನ ಬಗ್ಗೆ ಬರೆದರು. ಓದಿ ನಾಚಿಕೆಯಾಯಿತು. ಆದರೂ ಆ ಕಾಗದ ಜೋಪಾನವಾಗಿ ಇಟ್ಟುಕೊಂಡೆ.

ರಂಜಾನ್ ಮುಗಿದು ಈದ್ ಬಂದಾಗ, ಇವತ್ತು ಹೇಳಿಯೇ ತೀರುವುದು ಎಂದು ಅವಳ ಮನೆಗೆ ಹೋದೆ. ಬಾಗಿಲಲ್ಲೇ ಹೊಲಿಗೆ ಮಷೀನು, ಸುತ್ತ ಹೊಲಿಯಲು ಬಂದ ಊರವರ ಬಟ್ಟೆ. ನಾನು ಕೂರುವ ಮೊದಲೇ ಅವಳು ಅತ್ತೆ ಅಕ್ಬರಿ ಬೇಗಂಳನ್ನು ಕರೆದಳು.

“ಅಮ್ಮಿ, ನಾ ಹೇಳಿದ್ನಲ್ಲ, ಇವರೇ ನೋಡ್ರಿ. ಎಲ್ಲರೂ ಬೈಯುವಾಗ ಬಾಜೂ ಕುಂತು ಮೂರು ದಿನ ಹೆಸರು ಓದಿದವರು.”

ಮುದುಕಿ ನನ್ನ ತಲೆ ಮೇಲೆ ಕೈಯಿಟ್ಟು ಏನೋ ಹರಸಿದಳು. ಸರ್ವರಿ ಒಳಗೆ ಹೋಗಿ ಪೊಟ್ಟಣ ಕಟ್ಟಿ ತಂದಳು.

“ನಮ್ಮನಿ ಅಡಗಿ ನಿಮಗ ನಡೆಯಂಗಿಲ್ಲ. ಅದಕ್ಕ ಶಾವಿಗಿ, ಖರ್ಜೂರ, ಗೋಡಂಬಿ ಎಲ್ಲಾ ಹಸೀದೇ ಕಟ್ಟೀನ್ರಿ. ನಿಮ್ಮವ್ವನ ಕಡೆ ಮಾಡಿಸ್ಕೊಂಡು ಉಣ್ರಿ.”

ಪೊಟ್ಟಣ ತೆಗೆದುಕೊಂಡು ಮಾನ್ವಿ ಬಸ್ಸು ಹತ್ತಿದೆ.

ಅವ್ವ ಪಾಯಸ ಮಾಡಿ ಬಡಿಸಿದಳು. “ಎಷ್ಟು ತಿಳಿವಳಿಕಿ ಐತೋ ಆ ಹುಡುಗಿಗೆ. ಅಂಥಾಕಿನ್ನ ಯಾಕ ಬಿಡಿಸಿದ್ರು?”

“ಕೆಲಸದಾಗ ಏನೋ ತಪ್ಪು ಮಾಡಿದ್ಲು,” ಎಂದೆ. ಎರಡನೇ ಸಲವೂ ಹಾಕಿಸಿಕೊಂಡೆ.