ಗಿರಿಯಮ್ಮನ ಗುಳಿಗೆ, ಹುಲಿಗೆಮ್ಮನ ಹೊಟ್ಟೆ

ಮುಕ್ಕುಂದದಲ್ಲಿ ಒಬ್ಬರಿಗೆ ನಾಟಿದ ಗುಳಿಗೆ ಊರಿಗೆಲ್ಲ ನಾಟಬೇಕು. ಗಿರಿಯಮ್ಮನ ಕಾಲು ಬಾತಾಗ ಸಿಂಧನೂರಿನ ಡಾಕ್ಟರು ಮೂತ್ರ ಹೆಚ್ಚಿಸಿ ನೀರಿಳಿಸುವ ಗುಳಿಗೆ ಬರೆದುಕೊಟ್ಟರು. ಬಾವು ಇಳಿಯಿತು. ಅಂದಿನಿಂದ ಆಕೆ ಅರ್ಧ ಡಾಕ್ಟರು.

ಮೊಮ್ಮಗಳು ಹುಲಿಗೆಮ್ಮನಿಗೆ ಮೂರು ವರ್ಷ. ಹೊಟ್ಟೆ ಮಾತ್ರ ಗಡಿಗೆಯಷ್ಟು. 1992ರ ಬೇಸಿಗೆಯಲ್ಲಿ ದೊಡ್ಡಾಸ್ಪತ್ರೆಯವರು ಪರೀಕ್ಷಿಸಿ, "ಒಂದು ಬಗೆಯ ಕೊಬ್ಬು ಕರಗದೆ ಯಕೃತ್ತು, ಗುಲ್ಮದಲ್ಲಿ ಕೂಡುತ್ತಿದೆ. ಹುಟ್ಟಿನಿಂದ ಬಂದದ್ದು. ನಮ್ಮಲ್ಲಿ ಮದ್ದಿಲ್ಲ, ಆರೈಕೆ ಮಾಡಿ" ಎಂದರು. ತಂದೆ ಬಾಲಪ್ಪ ನಂಬಲಿಲ್ಲ.

ಆಗ ನೆರೆಮನೆಯ ಮಕ್ತುಮ್‌ಸಾಬ್ ಹಳೆಯ ಪೇಪರೊಂದನ್ನು ಓದಿ ಹೇಳಿದ: ಕೊಬ್ಬು ಕೂಡುವ ರೋಗಕ್ಕೂ ಮೂತ್ರ ಹೆಚ್ಚಿಸುವ ಒಂದು ಔಷಧಕ್ಕೂ ಸಂಬಂಧವಿದೆಯಂತೆ, ಪರದೇಶದಲ್ಲಿ ಸಂಶೋಧನೆ ನಡೆದಿದೆಯಂತೆ. ಒಳ್ಳೆಯ ಸಂಬಂಧವೋ ಕೆಟ್ಟದ್ದೋ ಎಂದು ಯಾರೂ ಕೇಳಲಿಲ್ಲ.

"ಔಷಧಿ ಮನ್ಯಾಗ ಇಟಗೊಂಡು ಊರೂರು ತಿರಗೀವಲ್ಲೋ," ಎಂದಳು ಗಿರಿಯಮ್ಮ.

ಬಾಲಪ್ಪ ಭತ್ತ ಬೆಳೆಯುವವನು. ಗದ್ದೆ ಒಣಗಿಸಲು ಒಡ್ಡು ಕಡಿದರೆ ಸಾಲದು, ಕಾಲುವೆಯ ತೂಬನ್ನೂ ಮುಚ್ಚಬೇಕು. ಹೊಟ್ಟೆಯಲ್ಲಿರುವುದೂ ನೀರೇ ಎಂದುಕೊಂಡು ಮಗುವಿಗೆ ಗುಳಿಗೆ ಕೊಟ್ಟ, ನೀರು ಕೊಡುವುದನ್ನು ನಿಲ್ಲಿಸಿದ.

ಮೂರನೆಯ ದಿನ ನರ್ಸ್ ಸಕೀನಾಬೀ ಬಂದಾಗ ಮಗುವಿನ ನಾಲಿಗೆ ಒಣಗಿತ್ತು, ಕಣ್ಣು ಗುಳಿಬಿದ್ದಿದ್ದವು.

"ಏನ್ ಕೊಟ್ಟೀರಿ ಕೂಸಿಗೆ?"

"ಅವ್ವನ ಗುಳಿಗಿ ರೀ. ದಿನಕ್ಕ ಎರಡು. ಪೇಪರಿನ್ಯಾಗ ಬಂದೈತ್ರಿ," ಎಂದ ಬಾಲಪ್ಪ.

"ದಿನಕ್ಕ ಎರಡು ಅಂತ ಪೇಪರಿನ್ಯಾಗ ಬರದಾರೇನು? ಹೊಟ್ಟ್ಯಾಗಿರೋದು ನೀರಲ್ಲ ತಮ್ಮಾ. ನೀ ಇಳಿಸಿದ್ದು ಮೈಯಾಗಿನ ನೀರು."

"ಅವ್ವಗ ನಾಟಿತಲ್ರಿ?"

"ಅವ್ವಂದು ಬ್ಯಾರೆ ರೋಗ. ಅವ್ವನ ಕುಪ್ಪಸ ಈ ಕೂಸಿಗೆ ತೊಡಸ್ತೀಯೇನು?"

ಚಮಚದಲ್ಲಿ ಹಾಕಿದ ನೀರನ್ನು ಮಗು ನುಂಗಲಿಲ್ಲ. ಟ್ರ್ಯಾಕ್ಟರಿನಲ್ಲಿ ಸಿಂಧನೂರಿಗೆ ಒಯ್ದರು. ಮರುದಿನ ಮಧ್ಯಾಹ್ನ ತೀರಿಕೊಂಡಿತು.

ಮಣ್ಣು ಮಾಡಿ ಬಂದು ಬಾಲಪ್ಪ ಕೇಳಿದ: "ಹೆಂಗೂ ಮದ್ದಿಲ್ಲದ ರೋಗ. ಹೋಗಾಕಿನ ಇದ್ಳಲ್ರಿ?"

"ಇವತ್ತ ಹೋಗಾಕಿ ಅಲ್ಲ," ಎಂದಳು ಸಕೀನಾಬೀ.

ಗಿರಿಯಮ್ಮ ತನ್ನ ಗುಳಿಗೆಯನ್ನೇ ಬಿಟ್ಟಳು. ಕಾಲು ಮತ್ತೆ ಬಾತಿತು. "ನಿಂದು ನೀ ತಗೋ ಯವ್ವ, ನಿನಗಂತ ಬರದದ್ದದು," ಎಂದು ಸಕೀನಾಬೀ ಒಪ್ಪಿಸಬೇಕಾಯಿತು. ಮಗುವಿನ ತಾಯಿ ಗದ್ದೆಮ್ಮ ಆಗ ಹೇಳಿದಳು: "ನೀರು ಬೇಡಿದ್ಳು. ನೀರಿನ ಚೆರಿಗಿ ಕೈಗೆ ಸಿಗದಂಗ ಮ್ಯಾಲೆ ಎತ್ತಿಟ್ಟಾಕಿ ನಾನ. ಮಂದಿಗೆ ಹೇಳ್ರಿ. ನನ್ನ ಹೆಸರು ಹಾಕೇ ಹೇಳ್ರಿ."

ಆದ್ದರಿಂದ ಹೇಳುತ್ತಿದ್ದೇವೆ. ಸಂಶೋಧನೆ ನಡೆಯಲಿ, ಅದು ನಿಮ್ಮ ಮಗುವಿಗೆ ಬರೆದುಕೊಟ್ಟ ಚೀಟಿಯಲ್ಲ. ಪೇಪರಿನಲ್ಲಿ ಸುದ್ದಿ ಕಂಡರೆ ಅದನ್ನು ಹಿಡಿದುಕೊಂಡೇ ಡಾಕ್ಟರ ಬಳಿ ಹೋಗಿ, ಕೇಳಿ. ಒಬ್ಬರ ಗುಳಿಗೆಯನ್ನು ಇನ್ನೊಬ್ಬರಿಗೆ ಕೊಡಬೇಡಿ. ಡಾಕ್ಟರು ಹೇಳದೆ ಮಗುವಿನ ಬಾಯಿಂದ ನೀರು ತಪ್ಪಿಸಬೇಡಿ.